ಏರಿನಲ್ಲಿ ಬರುವ ಸದ್ದು

"ಗುರುಗಳೇ, ಜೊತೆಯಲ್ಲಿರುವವನ ಮೇಲೆ ನನಗೆ ಸಂಶಯ ಬಂದಿದೆ. ಸುಮ್ಮನಿದ್ದು, ಸಾಕ್ಷಿ ಸಮೇತ ಅವನನ್ನು ಹಿಡಿಯುವುದು ಸರಿಯಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಯಾರ ಮೇಲೆ ಎಂದು ಕೇಳಲಿಲ್ಲ. ಈ ಕತೆ ಹೇಳಿದರು.

ಬೆಟ್ಟದ ಮೇಲೊಂದು ಹಳ್ಳಿ. ಅಲ್ಲಿಗೆ ಬಸ್ಸು ಹೋಗುತ್ತಿರಲಿಲ್ಲ. ಜವರಯ್ಯ, ಸಣ್ಣಪ್ಪ ಎಂಬ ಇಬ್ಬರು ಗೆಳೆಯರು ಸೇರಿ ಹಳೆಯದೊಂದು ಪೆಟ್ರೋಲ್ ಜೀಪು ಕೊಂಡರು. ಒಂದು ದಿನ ಇವನು ಓಡಿಸಿದರೆ ಮರುದಿನ ಅವನು. ಕಾಯಿಲೆಯವರು, ಸಂತೆಗೆ ಹೋಗುವವರು, ರಾಗಿ ಮೂಟೆ ಎಲ್ಲವೂ ಆ ಜೀಪಿನಲ್ಲೇ ಹತ್ತಿ ಇಳಿಯಬೇಕು.

ಒಮ್ಮೆ ಏರು ಹತ್ತುವಾಗ ಎಂಜಿನ್ನಿನೊಳಗೆ ಜವರಯ್ಯನಿಗೆ ಒಂದು ಸದ್ದು ಕೇಳಿತು. ತಗಡಿನ ಡಬ್ಬಿಯಲ್ಲಿ ಹರಳುಕಲ್ಲು ಹಾಕಿ ಕುಲುಕಿದಂಥ ಸದ್ದು. ಇಳಿಜಾರಿನಲ್ಲಿ ಅದು ಇರಲಿಲ್ಲ. ಭಾರ ಹೊತ್ತು ಏರುವಾಗ ಮಾತ್ರ ಬರುತ್ತಿತ್ತು.

ಜವರಯ್ಯ ಯಾರನ್ನೂ ಸುಲಭವಾಗಿ ನಂಬುವ ಮನುಷ್ಯನಲ್ಲ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದಾರೆ ಎಂದುಕೊಂಡು ಬಂಕ್ ಬದಲಾಯಿಸಿದ. ಸದ್ದು ಹೋಗಲಿಲ್ಲ. ಕೊನೆಗೆ ಜೀಪನ್ನು ಪೇಟೆಯ ಮೆಕ್ಯಾನಿಕ್ ಹತ್ತಿರ ಒಯ್ದ.

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. "ಇದು ನಾಕಿಂಗ್. ಪಿಸ್ಟನ್ ಇನ್ನೂ ಮೇಲಕ್ಕೆ ಬರ್ತಿರುವಾಗಲೇ ಒಳಗೆ ಪೆಟ್ರೋಲ್ ಸಿಡಿಯುತ್ತೆ. ಪಿಸ್ಟನ್ ತಲೆ ಮೇಲೆ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಪೆಟ್ರೋಲ್ ಕೆಟ್ಟಿದ್ದರೂ ಬರುತ್ತೆ, ಒಳಗೆ ಮಸಿ ಕಟ್ಟಿದ್ದರೂ ಬರುತ್ತೆ, ಎಂಜಿನ್ ವಿಪರೀತ ಕಾದರೂ ಬರುತ್ತೆ. ನಿಮ್ಮದರಲ್ಲಿ ಕಿಡಿ ಹೊತ್ತಿಗೆ ಮೊದಲೇ ಹಾರ್ತಿದೆ. ಕಿಡಿ ಹಂಚುವ ಈ ಡಿಸ್ಟ್ರಿಬ್ಯೂಟರನ್ನ ಯಾರೋ ತಿರುಗಿಸಿದ್ದಾರೆ."

"ಹೀಗೇ ಓಡಿಸಿದರೆ?"

"ಕೆಲವು ದಿನ ಓಡುತ್ತೆ. ಆಮೇಲೆ ಪಿಸ್ಟನ್ನಿನ ರಿಂಗ್ ಮುರಿಯುತ್ತೆ, ಪಿಸ್ಟನ್ನೇ ತೂತು ಬೀಳುತ್ತೆ. ಮತ್ತೆ ಸದ್ದು ಕೇಳಿದರೆ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ, ಗೇರ್ ಇಳಿಸಿ, ಇಲ್ಲಿಗೆ ತನ್ನಿ."

ಅವನು ಕಿಡಿಯ ಹೊತ್ತನ್ನು ಸರಿಮಾಡಿ ಕಳಿಸಿದ. ಸದ್ದು ನಿಂತಿತು.

ಆದರೆ 'ಯಾರೋ ತಿರುಗಿಸಿದ್ದಾರೆ' ಎಂಬ ಮಾತು ಜವರಯ್ಯನ ಮನಸ್ಸಿನಲ್ಲಿ ಉಳಿಯಿತು. ಆ ಜೀಪಿಗೆ ಕೈ ಹಾಕುವವರು ಇಬ್ಬರೇ. ತಾನು ತಿರುಗಿಸಿಲ್ಲ. ಎಂಜಿನ್ ಕೆಡಿಸಿ, ತನಗೆ ಬೇಸರ ಬರಿಸಿ, ಜೀಪನ್ನು ತಾನೊಬ್ಬನೇ ಇಟ್ಟುಕೊಳ್ಳಲು ಸಣ್ಣಪ್ಪ ಮಾಡಿದ ಹುನ್ನಾರ ಇದು ಎಂದು ಅವನಿಗೆ ಅನಿಸಿತು. ಒಮ್ಮೆ ಅನಿಸಿದ ಮೇಲೆ ಎಲ್ಲವೂ ಹಾಗೆಯೇ ಕಾಣತೊಡಗಿತು. ಸಣ್ಣಪ್ಪ ಸೋಪು ಹಚ್ಚಿ ಕೈ ತೊಳೆದರೆ ಯಾಕೆ ತೊಳೆದ? ತಾನು ಬಂದಾಗ ಮಾತು ನಿಲ್ಲಿಸಿದರೆ ಯಾಕೆ ನಿಲ್ಲಿಸಿದ?

ಮೆಕ್ಯಾನಿಕ್ ಹೇಳಿದ ಒಂದು ಮಾತನ್ನೂ ಅವನು ಸಣ್ಣಪ್ಪನಿಗೆ ತಿಳಿಸಲಿಲ್ಲ. ಎಲೆಯಡಿಕೆಯ ಸುಣ್ಣ ತೆಗೆದುಕೊಂಡು ಡಿಸ್ಟ್ರಿಬ್ಯೂಟರಿನಿಂದ ಎಂಜಿನ್ನಿನವರೆಗೆ ಒಂದು ಗೆರೆ ಎಳೆದ. ಸಣ್ಣಪ್ಪನ ಸರದಿ ಮುಗಿದ ಮೇಲೆ ಬಾನೆಟ್ ಎತ್ತಿದ. ಕೆಲವು ದಿನ ಗೆರೆ ನೆಟ್ಟಗಿತ್ತು. ಒಂದು ದಿನ ತುಂಡಾಗಿ ಪಕ್ಕಕ್ಕೆ ಸರಿದಿತ್ತು.

ಗೆಳೆಯನ ಕೆಲಸ ಕಂಡು ಅವನಿಗೆ ನೋವಾಗಬೇಕಿತ್ತು. ಆಗಲಿಲ್ಲ. ಗೆದ್ದಂತಾಯಿತು. ಊರಿನವರ ಮುಂದೆಯೇ ಇದನ್ನು ತೋರಿಸಬೇಕು ಎಂದುಕೊಂಡ. ಅದಕ್ಕಾಗಿ ಡಿಸ್ಟ್ರಿಬ್ಯೂಟರನ್ನು ಇದ್ದಂತೆಯೇ ಬಿಟ್ಟ. ಏರಿನಲ್ಲಿ ಸದ್ದು ಮತ್ತೆ ಶುರುವಾಯಿತು. ಅವನು ಕಾಲು ಸಡಿಲಿಸಲಿಲ್ಲ. ಹಿಂದೆ ಕೂತವರ ಕಿವಿಗೂ ಬೀಳಲಿ ಎಂದು ಕೆಲವು ಸಲ ಇನ್ನಷ್ಟು ಒತ್ತುತ್ತಿದ್ದ.

ಸಂತೆಯ ದಿನ ಜೀಪಿನ ತುಂಬ ಜನ, ಮೂಟೆ. ಸಣ್ಣಪ್ಪನ ತಾಯಿಯೂ ಹಿಂದೆ ಕೂತಿದ್ದಳು. ಕಡಿದಾದ ತಿರುವಿನಲ್ಲಿ ಸದ್ದು ಜೋರಾಯಿತು. ಜವರಯ್ಯ ಕಾಲು ತೆಗೆಯಲಿಲ್ಲ. ಒಳಗೆ ಏನೋ ಒಡೆದಂತಾಗಿ, ಹೊಗೆ ಎದ್ದು, ಎಂಜಿನ್ ನಿಂತಿತು. ಅಷ್ಟು ಭಾರವನ್ನು ಬ್ರೇಕು ತಡೆಯಲಿಲ್ಲ. ಜೀಪು ಹಿಂದಕ್ಕೆ ಜಾರಿ ದಿಬ್ಬಕ್ಕೆ ಬಡಿಯಿತು. ಮುದುಕಿಯ ತೊಡೆಯ ಮೂಳೆ ಮುರಿಯಿತು. ಅವಳನ್ನು ಆಸ್ಪತ್ರೆಗೆ ಒಯ್ಯಲು ಇದ್ದದ್ದು ಅದೊಂದೇ ಜೀಪು. ಮಂಚದ ಮೇಲೆ ಮಲಗಿಸಿ, ಹೊತ್ತುಕೊಂಡು ಬೆಟ್ಟ ಇಳಿದರು.

ಮೆಕ್ಯಾನಿಕ್ ಬಂದು ಎಂಜಿನ್ ಬಿಚ್ಚಿದ. ಪಿಸ್ಟನ್ನಿನಲ್ಲಿ ಹೆಬ್ಬೆಟ್ಟು ತೂರುವಷ್ಟು ತೂತು. "ಸದ್ದು ಬಂದರೆ ಕಾಲು ಸಡಿಲಿಸಿ ಅಂತ ಅವತ್ತೇ ಹೇಳಿದ್ದೆನಲ್ಲ" ಎಂದು ಅವನು ಜವರಯ್ಯನಿಗೆ ಹೇಳಿದ. ಊರಿನವರು ಸುತ್ತ ನಿಂತಿದ್ದರು. ಜವರಯ್ಯ ಸುಣ್ಣದ ಗೆರೆ ತೋರಿಸಿ, "ತಿರುಗಿಸಿದ್ದು ನೀನು" ಎಂದ.

ಸಣ್ಣಪ್ಪ ಇಲ್ಲ ಎನ್ನಲಿಲ್ಲ.

"ನಾನೇ. ಮೂಟೆ ಹೇರಿದರೆ ಜೀಪು ಆ ತಿರುವು ಹತ್ತುತ್ತಿರಲಿಲ್ಲ, ಹಿಂದಕ್ಕೆ ಜಾರುತ್ತಿತ್ತು. ಒಂಚೂರು ತಿರುಗಿಸಿದರೆ ಎಳೀತಿತ್ತು. ನಿನಗೆ ಹೇಳೋಣ ಅಂದರೆ ನಿನ್ನ ಮುಖ ನೋಡಿ ಬಾಯಿ ಬರುತ್ತಿರಲಿಲ್ಲ. ಆ ಸದ್ದಿಗೆ ಎಂಜಿನ್ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ ಜವರ. ನಿನಗೆ ಗೊತ್ತಿತ್ತಲ್ಲ?"

ಊರಿನವರು ಈಗ ಜವರಯ್ಯನ ಮುಖವನ್ನೇ ನೋಡುತ್ತಿದ್ದರು. ಜೀಪು ಗುಜರಿಗೆ ಹೋಯಿತು. ಮುದುಕಿ ಕೋಲು ಹಿಡಿದಳು. ಗೆಳೆಯರು ಮತ್ತೆ ಮಾತಾಡಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ, "ಆದರೂ ತಿರುಗಿಸಿದವನು ಸಣ್ಣಪ್ಪನೇ. ಜವರಯ್ಯನ ಸಂಶಯ ನಿಜವಾಗಿತ್ತಲ್ಲ?" ಎಂದ.

"ನಿಜವಾಗಿತ್ತು," ಎಂದರು ಗುರುಗಳು. "ನಿನ್ನ ಜೊತೆಯವನಿಗೆ ನೀನು ಏನನ್ನು ಹೇಳದೆ ಇಟ್ಟುಕೊಂಡಿದ್ದೀಯ?"