ಮಠದ ಕಾರಿನ ಎಣ್ಣೆ ಸೋರಿಕೆ

ಮಲಪ್ರಭೆಯ ದಂಡೆಯ ಒಂದು ಚಿಕ್ಕ ಮಠದಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಮಠದ ಆಸ್ತಿಯೆಂದರೆ ಒಂದು ಹಳೆಯ ಕಾರು. ಸುತ್ತಲಿನ ಹಳ್ಳಿಗಳ ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸುವುದೇ ಅದರ ಕೆಲಸ.

ಕಾರು ಓಡಿಸುತ್ತಿದ್ದವನು ಶಿಷ್ಯ ಶಿವಪುತ್ರ. ಮೊದಲು ಲಾರಿ ಡ್ರೈವರನಾಗಿದ್ದ. ಪುಟ್ಟ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಹೆಂಡತಿಯನ್ನು ಊರಲ್ಲೇ ಬಿಟ್ಟು ಮಠ ಸೇರಿದ. ಒಂದು ದಿನವೂ ಅತ್ತಿರಲಿಲ್ಲ. ಭಕ್ತರು ಅದನ್ನು ವೈರಾಗ್ಯ ಎಂದರು. ಭಕ್ತರಿಗೇನು, ಬಿಗಿದ ಮುಖ ಕಂಡರೆ ಸಾಕು, ಕೈಮುಗಿದುಬಿಡುತ್ತಾರೆ. ಅವನೂ ಅದನ್ನೇ ನಂಬಿದ.

"ಅಜ್ಜಾರ, ನನಗ ದೀಕ್ಷಾ ಕೊಡ್ರಿ."

"ಗಾಡಿ ಗೇರ್‌ ಬಾಕ್ಸಿನ್ಯಾಗಿಂದ ಎಣ್ಣಿ ಸೋರಾಕತ್ತೈತಿ. ಮೊದಲ ಅದನ್ನ ನಿಲ್ಲಸು," ಎಂದರು ಅಜ್ಜ.

ಶಿವಪುತ್ರ ಕಾರಿನಡಿ ಮಲಗಿದ. ತಳದ ಬೋಲ್ಟು ಬಿಗಿ ಮಾಡಿದ. ಎಣ್ಣೆ ತಡೆಯುವ ಹಿಂಬದಿಯ ರಬ್ಬರ್ ಸೀಲು ತೆಗೆದು ಹೊಸದು ಕೂರಿಸಿದ. ಕಾರಿನೊಳಗೆ ಗೇರಿನ ಕೋಲಿನ ಬುಡದ ಮುಚ್ಚಳ ತೆಗೆದು ನೋಡಿದರೆ, ಬಾಕ್ಸಿನ ನೆತ್ತಿಯಲ್ಲಿದ್ದ ಸಣ್ಣ ತೂತಿನ ಸುತ್ತಲೂ ಎಣ್ಣೆಯ ಜಿಡ್ಡು. ಅದಕ್ಕೂ ಅಂಟು ಮೆತ್ತಿ ಗಟ್ಟಿಯಾಗಿ ಮುಚ್ಚಿದ.

"ಇನ್ನ ಒಂದ ಹನಿನೂ ಬೀಳಂಗಿಲ್ರಿ."

ಕಾರು ನಿಂತಲ್ಲಿ ನೆಲ ಒಣಗಿಯೇ ಇತ್ತು. ದೀಕ್ಷೆಗೆ ದಿನ ಗೊತ್ತಾಯಿತು.

ಅಷ್ಟರಲ್ಲಿ ಅವನ ಹೆಂಡತಿ ನೀಲವ್ವ ಬಂದಳು. ಮಠದ ಬಾಗಿಲಲ್ಲಿ ಬಿಸಿಲಿಗೆ ನಿಂತೇ ಇದ್ದಳು. ಶಿವಪುತ್ರ ಹೊರಗೆ ಬರಲಿಲ್ಲ.

"ನನಗ ಯಾರೂ ಇಲ್ಲಂತ ಹೇಳ್ರಿ," ಎಂದು ಒಳಗಿಂದಲೇ ಹೇಳಿ ಕಳಿಸಿದ.

ಆಕೆ ಸಂಜೆಯ ಬಸ್ಸಿಗೆ ಹೊರಟುಹೋದಳು. ಅಜ್ಜ ಎಲ್ಲವನ್ನೂ ನೋಡಿದರು, ಏನೂ ಅನ್ನಲಿಲ್ಲ. ನಾನಾಗಿದ್ದರೆ ಬೈಯುತ್ತಿದ್ದೆ. ಗುರುಗಳ ರೀತಿಯೇ ಬೇರೆ.

ಮರುದಿನ ಮುದುಕನೊಬ್ಬನನ್ನು ಆಸ್ಪತ್ರೆಗೆ ಸೇರಿಸಿ ಗುರುಶಿಷ್ಯರು ಮರಳುತ್ತಿದ್ದರು. ಅರ್ಧ ದಾರಿಯಲ್ಲಿ ಗೇರು ಗರಗರ ಎಂದಿತು. ಇಳಿದು ಬಗ್ಗಿ ನೋಡಿದರೆ ಹೊಸ ಸೀಲಿನ ಸುತ್ತಲೂ ಎಣ್ಣೆ ಇಳಿಯುತ್ತಿತ್ತು.

"ಹೊಸಾ ಸೀಲ್ರಿ ಇದು! ಎಲ್ಲಾ ಕಡೆ ಮುಚ್ಚೀನ್ರಿ. ಆದ್ರೂ ಹೆಂಗ ಸೋರತೈತಿ?"

"ಮ್ಯಾಲಿನ ತೂತು?"

"ಅದನ್ನೂ ಮುಚ್ಚೀನ್ರಿ."

"ಅದು ಯಾತಕ್ಕ ಇತ್ತು?"

ಶಿವಪುತ್ರನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ತಡವರಿಸಿದ.

"ಗಾಳಿ ಹೋಗಾಕ್ರಿ. ಗಾಡಿ ಓಡಿದಾಗ ಒಳಗ ಬಿಸಿ ಆಗತೈತಿ, ಗಾಳಿ ಹಿಗ್ಗತೈತಿ."

"ಹೋಗಾಕ ಬಿಡದಿದ್ರ?"

"ಎಣ್ಣೀನ ಹೊರಗ ನೂಕತೈತ್ರಿ. ಎಂಥಾ ಸೀಲಿದ್ರೂ ತಡಿಯಂಗಿಲ್ಲ."

ಅಜ್ಜ ಸ್ಕ್ರೂಡ್ರೈವರ್ ಎತ್ತಿ ಅವನ ಕೈಗೆ ಕೊಟ್ಟರು. ಶಿವಪುತ್ರ ಮುಚ್ಚಳ ತೆಗೆದು, ಗಟ್ಟಿಯಾಗಿದ್ದ ಅಂಟನ್ನು ಕೆರೆದು ಕಿತ್ತ. ಬಿಸಿ ಗಾಳಿ ಬುಸ್ ಎಂದು ಹೊರಬಂತು. ಅವನು ಹಿಂದೆ ಸರಿದು, ಕಾರಿನಿಂದ ಇಳಿದು ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದ.

ಅಜ್ಜ ಅವನ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತರು.

"ಮಗಳ ಹೆಸರೇನಿತ್ತಪಾ?"

ಶಿವಪುತ್ರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ದಾನಮ್ಮ."

ಅಷ್ಟೇ. ಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಅಜ್ಜ ಸುಮ್ಮನಿರು ಅನ್ನಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ಕೂತರು. ಅವರ ಕಣ್ಣೂ ಒದ್ದೆಯಾಗಿತ್ತು.

ಅಳು ಇಳಿದ ಮೇಲೆ ಶಿವಪುತ್ರ ತಲೆ ತಗ್ಗಿಸಿ ಕೇಳಿದ.

"ಹಂಗಾರ ನಾ ದೀಕ್ಷಾಕ್ಕ ಯೋಗ್ಯ ಅಲ್ಲೇನ್ರಿ, ಅಜ್ಜಾರ?"

"ಅದು ಆಮ್ಯಾಲಿನ ಮಾತು. ನೀ ನನ್ನ ಮುಂದ ಅತ್ತಿ. ಬಾಗಲಾಗ ನಿಂತು ಹೋದಾಕಿ ಯಾರ ಮುಂದ ಅಳಬೇಕೋ?"