ದೊಡ್ಡ ಹಡಗು

ಮಲಪ್ರಭೆಯ ದಂಡೆಯ ಆ ಸಣ್ಣ ಮಠದಲ್ಲಿ ವಿಡಿಯೋ ಗೇಮ್ ಇತ್ತೆಂದರೆ ನೀವು ಮೂಗು ಮುರಿಯಬಹುದು. ಇತ್ತು. ಇರಲಿ ಎಂದವರು ಮಠದ ಸ್ವಾಮಿಗಳು, ಅಜ್ಜನವರೇ.

ತಂದವನು ಶಿಷ್ಯ ಚನ್ನವೀರ. ಚಿಕ್ಕಂದಿನಲ್ಲಿ ಪೇಟೆಯ ಗೇಮಿನ ಅಂಗಡಿಯಲ್ಲಿ ಅವನು ಆಡುತ್ತಿದ್ದ ವಿಮಾನದ ಆಟ ಅದು. ಗುಂಡು ಹಾರಿಸುತ್ತ ಹೋಗಬೇಕು, ಕೊನೆಗೆ ಒಂದು ದೊಡ್ಡ ಯುದ್ಧದ ಹಡಗನ್ನು ಮುಳುಗಿಸಬೇಕು. ಅವನಿಂದ ಒಮ್ಮೆಯೂ ಆಗಿರಲಿಲ್ಲ.

ಈಗ ಕಂಪನಿಯವರು ಆಟವನ್ನು ಮಾರುವುದನ್ನೇ ನಿಲ್ಲಿಸಿದ್ದರು. ಚನ್ನವೀರ ಬಿಡುವವನೇ? ತನ್ನ ಗೇಮ್ ಪೆಟ್ಟಿಗೆಯನ್ನು ಬಿಚ್ಚಿ, ಒಳಗೆ ಬೇರೆ ಚಿಪ್ ಕೂರಿಸಿ, ಹಳೆಯ ಆಟವನ್ನು ಎಲ್ಲಿಂದಲೋ ಹುಡುಕಿ ತುಂಬಿದ್ದ.

“ಇದೊಂದು ಮುಗಿಸದ ಹೊರತು ಧ್ಯಾನಕ್ಕ ಕುಂತ್ರೂ ಅದ ಕಣ್ಣಿಗೆ ಬರತೈತ್ರಿ, ಅಜ್ಜಾರ,” ಎಂದಿದ್ದ.

“ಹಂಗಾರ ಮುಗಿಸು. ಆಮ್ಯಾಲ ದೀಕ್ಷೆ.”

ಬದಲಾಯಿಸಿದ ಆ ಪೆಟ್ಟಿಗೆಯಲ್ಲಿ ಒಂದು ಅನುಕೂಲವಿತ್ತು. ಆಟವನ್ನು ಬೇಕಾದಲ್ಲಿ ನಿಲ್ಲಿಸಿ ಉಳಿಸಿಕೊಂಡರೆ, ಮತ್ತೆ ಅಲ್ಲಿಂದಲೇ ಶುರು ಮಾಡಬಹುದು. ಚನ್ನವೀರ ದೊಡ್ಡ ಹಡಗಿನ ಎದುರಿಗೇ ಉಳಿಸಿಕೊಂಡಿದ್ದ. ದಿನವೂ ಅಲ್ಲಿಂದ ಹೊರಡುತ್ತಿದ್ದ, ಕಣ್ಣುಮುಚ್ಚಿ ತೆರೆಯುವುದರೊಳಗೆ ಸುಟ್ಟುಹೋಗುತ್ತಿದ್ದ.

ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಆದರೂ ಬಿಡಲಿಲ್ಲ. ಇಂಥ ಹಟಮಾರಿಗಳನ್ನು ಕಂಡರೆ ನನಗೆ ನಗು ಬರುತ್ತದೆ, ಪ್ರೀತಿಯೂ ಬರುತ್ತದೆ.

ಒಂದು ಬೆಳಿಗ್ಗೆ ಅಜ್ಜನವರು ಬಂದು ಪಕ್ಕದಲ್ಲಿ ಕುಳಿತರು. ಅವನು ಸುಟ್ಟುಹೋಗುವುದನ್ನು ಸುಮ್ಮನೆ ನೋಡಿದರು.

“ಗುಂಡಷ್ಟ ಹೊಡೀತಿ. ಬಾಂಬ್ ಇಲ್ಲೇನ ತಮ್ಮಾ?”

“ಇದ್ದೂರಿ. ಹಡಗ ಮುಳುಗಸಾಕ ಅವ ಬೇಕು, ಆದ್ರ ಖಾಲಿ ಆಗ್ಯಾವು.”

“ಎಲ್ಲಿ ಹಾಕಿದಿ?”

ಚನ್ನವೀರನಿಗೆ ನಾಚಿಕೆಯಾಯಿತು. “ಶುರುವಿನಾಗರಿ. ಸಣ್ಣ ಸಣ್ಣ ವಿಮಾನ ಒಮ್ಮೆಲೆ ಮೈಮ್ಯಾಲ ಬಂದ್ವು. ಹೆದರಿ ಎಲ್ಲಾ ಹಾಕಿಬಿಟ್ಟೆ. ಈಗ ಇಲ್ಲಿಂದ ಶುರು ಮಾಡಿದಾಗೆಲ್ಲ ಬರಿಗೈರಿ.”

“ಉಳಿಸಿ ಇಟ್ಟಿದ್ದನ್ನ ಅಳಿಸೋ ಗುಂಡಿ ಯಾವುದು?”

ಚನ್ನವೀರ ತೋರಿಸಿದ. ಅಜ್ಜನವರು ಒತ್ತಿಬಿಟ್ಟರು.

ಟಿವಿಯಲ್ಲಿ ಹಡಗು ಇಲ್ಲವಾಯಿತು. ಚನ್ನವೀರನಿಗೆ ಗುರುಗಳ ಮೇಲೇ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು.

“ಏನ್ ಮಾಡಿದ್ರಿ ಅಜ್ಜಾರ? ಅಲ್ಲೀತನಕ ಹೋಗಾಕ ಎಷ್ಟು ಕಷ್ಟಪಟ್ಟಿದ್ದೆ. ಇನ್ನ ಆ ಹಡಗ ಸಿಗತೈತೋ ಇಲ್ಲೋ.”

ಅಜ್ಜನವರು ಪಕ್ಕದಲ್ಲೇ ಕುಳಿತಿದ್ದರು.

ಚನ್ನವೀರ ಕಣ್ಣುಜ್ಜಿಕೊಂಡ. ಆಮೇಲೆ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು, ಹಲ್ಲು ಕಚ್ಚಿ, ಮೊದಲಿನಿಂದ ಶುರು ಮಾಡಿದ.

ಸಣ್ಣ ವಿಮಾನಗಳು ಒಮ್ಮೆಲೆ ನುಗ್ಗಿ ಬಂದವು. ಅವನ ಬೆರಳು ತಾನಾಗಿ ಬಾಂಬಿನ ಗುಂಡಿಗೆ ಸರಿಯಿತು.

ಅಜ್ಜನವರು ಮೆಲ್ಲಗೆ ಹೇಳಿದರು. “ಬಂತು ನೋಡು ತಮ್ಮಾ, ನಿನ್ನ ದೊಡ್ಡ ಹಡಗು.”