ಮೀಸೆ ನೋಡೋ ರಾಜನೂ ಏಳು ತಾಮ್ರದ ತಪ್ಪಲೆಯೂ

ಕನ್ನಡಿ ಅನ್ನೋದು ಇನ್ನೂ ಯಾರ ಮನೆಗೂ ಬರದ ಕಾಲದಲ್ಲಿ, ಒಂದು ಊರಲ್ಲಿ, ಒಬ್ಬ ರಾಜ ಇದ್ದನಂತೆ. ಅವನಿಗೆ ರಾಜ್ಯ ಒಂದು ಕಣ್ಣಾದರೆ ಮೀಸೆ ಎರಡು ಕಣ್ಣು. ಅಡಿಗೆಮನೇಲಿ ಏಳು ತಾಮ್ರದ ತಪ್ಪಲೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೆ ಕೆಂಪಗೆ ಥಳಥಳ ಅನ್ನೋವು. ದಿನಾ ಉಣ್ಣೋ ಮೊದಲು ಏಳು ತಪ್ಪಲೇಲೂ ಮೀಸೆ ನೋಡಿ, ಏಳು ಸಲ ತಿರುವಿ, ಆಮೇಲೆ ಎಲೆ ಮುಂದೆ ಕೂರೋನಂತೆ.

ಒಂದಿನ ತಪ್ಪಲೆಯ ಒಳಕ್ಕೆ ಇಣುಕಿದ. ಒಳಗೆ ತವರದ ಕಲಾಯಿ. ಮುಖ ಬೂದುಗುಂಬಳದ ಹಂಗೆ ಬೆಳ್ಳಗೆ ಕಾಣಿಸ್ತು. ಕೆಂಪು ತಾಮ್ರಕ್ಕೆ ಸುಣ್ಣ ಬಳಿದಿದಾನೆ ಅಂತ ಕಲಾಯಿ ಹಾಕೋ ಇಮಾಮಜ್ಜನ್ನ ಊರು ಬಿಡಿಸಿದ. ಏಳು ತಪ್ಪಲೆ ಕಲಾಯೀನೂ ಕೆರೆಸಿಹಾಕಿದ.

ಮಾರನೇ ದಿನ ಅಡಿಗೆ ಬೋರಯ್ಯ ಬೆಳಿಗ್ಗೇನೇ ಒಂದು ತಪ್ಪಲೇಲಿ ಮಜ್ಜಿಗೆಹುಳಿ ಮಾಡಿ ಇಟ್ಟ. ಮಿಕ್ಕ ಆರರಲ್ಲಿ ಈಗ ಹೊರಗೂ ಮೀಸೆ, ಒಳಗೂ ಮೀಸೆ! ರಾಜ ನೋಡಿದ್ದೇ ನೋಡಿದ್ದು, ಉಣ್ಣೋಕೆ ಕೂತಾಗ ಹೊತ್ತು ಇಳಿದಿತ್ತಂತೆ. ಉಂಡೋರೆಲ್ಲ ಚೊಂಬು ಹಿಡಿದು ಹಿತ್ತಲಿಗೆ ಓಡಿದರು. ಮಂತ್ರಿ ಐದು ಸಲ, ರಾಣಿ ಆರು ಸಲ, ರಾಜ ಹನ್ನೊಂದು ಸಲ. ಹನ್ನೆರಡನೇ ಸಲಕ್ಕೆ ಹೋಗ್ತಾ ಹೋಗ್ತಾನೇ ರಾಜ ಅಪ್ಪಣೆ ಮಾಡಿದ, ಬೋರಯ್ಯ ವಿಷ ಹಾಕಿದಾನೆ, ನಾಳಿದ್ದು ತಲೆ ಬೋಳಿಸಿ, ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ ಗಡಿ ದಾಟಿಸಿ ಅಂತ.

ಬೋರಯ್ಯ ಅಳ್ತಾ ಕೂತ. ಅವನ ಹೆಂಡತಿ ದ್ಯಾವಮ್ಮ ಮಾತ್ರ ತಪ್ಪಲೆ ಅಂಚನ್ನ ಬೆರಳಲ್ಲಿ ಸವರಿ ನೋಡಿದಳು. ನೋಡಿ ಸೀದಾ ರಾಜನ ಮುಂದೆ ನಿಂತಳು. ಒಂದು ಮಣ್ಣಿನ ಗಡಿಗೆ, ಒಂದು ತಾಮ್ರದ ತಪ್ಪಲೆ, ಎರಡಕ್ಕೂ ಒಂದೇ ಹುಳಿಮಜ್ಜಿಗೆ ಹುಯ್ತೀನಿ, ನಾಳೆ ಬೆಳಗಿಂದ ಸಂಜೆವರೆಗೆ ನೀವೇ ಕಾವಲು ಕೂತ್ಕೊಳ್ಳಿ ಬುದ್ಧಿ ಅಂದಳು. ರಾಜ ಕೂತ. ನೊಣಾನೂ ಹತ್ತಿರ ಬಿಡಲಿಲ್ಲವಂತೆ.

ಸಂಜೆ ಮುಚ್ಚಳ ತೆಗೆದರೆ ಗಡಿಗೆ ಮಜ್ಜಿಗೆ ಬೆಳ್ಳಗೇ ಇದೆ. ತಪ್ಪಲೇದು ಅಂಚೆಲ್ಲ ಗಿಣಿ ರೆಕ್ಕೆ ಬಣ್ಣ.

"ನಾನು ಕಣ್ಣೇ ಮುಚ್ಚಿಲ್ಲವಲ್ಲೇ. ವಿಷ ಹಾಕಿದೋರು ಯಾರು?" ಅಂದ ರಾಜ.

"ಯಾರೂ ಇಲ್ಲ ಬುದ್ಧಿ. ಇದು ಕಿಲುಬು. ಹುಳಿ ತಾಮ್ರಾನ ತಿಕ್ಕೋದು ನಮ್ಮ ಕೈ ಇದ್ದಾಗ ಮಾತ್ರ ಅಲ್ಲ, ಬಿಟ್ಟುಹೋದ ಮೇಲೂ ತಿಕ್ತಾನೇ ಇರ್ತದೆ. ಆ ಕೊಳೆ ನಿಮ್ಮ ಹೊಟ್ಟೇಗಿಳೀತು. ನಡುವೆ ಕಲಾಯಿ ಇದ್ದಿದ್ದರೆ ತಡೀತಿತ್ತು."

ರಾಜ ಬೋರಯ್ಯನ್ನ ಬಿಟ್ಟ, ಇಮಾಮಜ್ಜನ್ನ ಕರೆಸಿದ. ಅಜ್ಜ ಬಂದೋನು, "ನನ್ನ ಓಡಿಸಿದೋರೇ ತಿದಿ ಒತ್ತಲಿ" ಅಂತ ಕೂತುಬಿಟ್ಟ. ರಾಜ ತಿದಿ ಒತ್ತಿದ, ಕೆಂಡ ಉರೀತು, ತಪ್ಪಲೆ ಕಾಯ್ತು. ಅಜ್ಜ ನವಸಾಗರ ಹಾಕಿ, ತವರ ಸವರಿ, ಅರಳೇಲಿ ಉಜ್ಜಿದ. ಒಳಗೆಲ್ಲ ಬೆಳ್ಳಿ ಹಂಗಾಯ್ತು. ಅಷ್ಟರಲ್ಲಿ ಒಂದು ಕಿಡಿ ಹಾರಿ ರಾಜನ ಎಡಗಡೆ ಮೀಸೆ ಚುರ್ ಅಂತಂತೆ.

ರಾಜ ತಪ್ಪಲೆ ಒಳಕ್ಕೆ ಇಣುಕಿದ. ಬೂದುಗುಂಬಳದ ಮುಖ, ಅರ್ಧ ಮೀಸೆ. ರಾಜ ಮೆಲ್ಲಗೆ ತಲೆ ಎತ್ತಿ, "ಬೋರಯ್ಯ, ಇದರ ತುಂಬ ಮಜ್ಜಿಗೆಹುಳಿ ಮಾಡಪ್ಪ. ತಳ ಕಾಣಬಾರದು" ಅಂದನಂತೆ.

ಅವತ್ತಿಂದ ಮೀಸೆ ನೋಡೋದು ತಪ್ಪಿ, ಆ ಅರಮನೇಲಿ ಊಟ ಬಿಸಿಬಿಸಿಯಾಗೇ ಆಗ್ತಿತ್ತಂತೆ. ಅವರು ಅಲ್ಲಿ ಕಲಾಯಿ ತಪ್ಪಲೇದು ಉಂಡು ತೇಗಿದರು, ನಾವು ಇಲ್ಲಿ ಮಣ್ಣಿನ ಗಡಿಗೇದು ಉಂಡು ನಕ್ಕೆವು. ಕಥೆ ತೀರ್ತು, ಕೈ ತೊಳ್ಕೊಳ್ಳಿ.